ಬಂಡೆ ಇಳಿಜಾರಿನ ಸಾಫ್ಟ್‌ವೇರ್‌ನಲ್ಲಿ ವೆಜ್ ಗಾತ್ರವನ್ನು ಹಿಡಿತಕ್ಕೆ ತರುವುದು ಹೇಗೆ? ಒಂದು ಸಮಗ್ರ ಮಾರ್ಗದರ್ಶಿ

ಎರಡು ಜಾಯಿಂಟ್‌ಗಳ (ಬಂಡೆಯಲ್ಲಿನ ಚಪ್ಪಟೆ ಬಿರುಕುಗಳ) ಡಿಪ್ (ಸಮತಲದಿಂದ ಎಷ್ಟು ಡಿಗ್ರಿ ವಾಲಿದೆ) ಮತ್ತು ಡಿಪ್ ದಿಕ್ಕು (ಯಾವ ಕಡೆಗೆ ವಾಲಿದೆ) ಕೊಟ್ಟಾಯಿತು. ಇಳಿಜಾರಿನ ಎತ್ತರ ಕೊಟ್ಟಾಯಿತು. ರನ್ ಮಾಡಿದ ತಕ್ಷಣ ತೆರೆಯ ಮೇಲೆ ಬುಡದಿಂದ ನೆತ್ತಿಯವರೆಗೆ ಇಡೀ ಗುಡ್ಡವನ್ನೇ ನುಂಗಿದಂಥ ಒಂದು ವೆಜ್, ಅಂದರೆ ಎರಡು ಜಾಯಿಂಟ್ ಸೇರಿ ಕತ್ತರಿಸಿದ ಬೆಣೆಯಾಕಾರದ ಬಂಡೆ, ಬರುತ್ತದೆ. ಸ್ಥಳಕ್ಕೆ ಹೋಗಿ ನೋಡಿದರೆ ಬಿದ್ದಿರುವುದೆಲ್ಲ ನಾಲ್ಕೈದು ಮೀಟರ್‌ನ ತುಂಡುಗಳು.

ಇಲ್ಲಿ ಹೆಚ್ಚಿನವರು ಎರಡರಲ್ಲಿ ಒಂದು ದಾರಿ ಹಿಡಿಯುತ್ತಾರೆ. ದೊಡ್ಡದನ್ನೇ ಲೆಕ್ಕಕ್ಕೆ ತಗೊಂಡರೆ ಸುರಕ್ಷಿತ ಅಂತ ಹಾಗೇ ವರದಿ ಬರೆಯುತ್ತಾರೆ. ಇಲ್ಲದಿದ್ದರೆ ಇಳಿಜಾರಿನ ಎತ್ತರವನ್ನೇ ಸುಳ್ಳು ಹೇಳಿ ವೆಜ್ ಚಿಕ್ಕದು ಮಾಡುತ್ತಾರೆ. ಎರಡನೆಯದರಲ್ಲಿ ಆಕಾರ ಸರಿಯಾಗಿಯೇ ಬರಬಹುದು, ಆದರೆ ಬೋಲ್ಟ್‌ಗಳ (ಬಂಡೆ ಹಿಡಿದಿಡಲು ಕೊರೆದು ಹಾಕುವ ಸರಳುಗಳ) ಜಾಗ, ಟೆನ್ಶನ್ ಕ್ರ್ಯಾಕ್ (ವೆಜ್‌ನ ಹಿಂಭಾಗದಲ್ಲಿ ಬಾಯಿ ಬಿಡುವ ಬಿರುಕು), ನೀರಿನ ಮಟ್ಟ ಎಲ್ಲ ತಪ್ಪುತ್ತವೆ. ಮುಂದೆ ಫೈಲ್ ತೆರೆದವರಿಗೆ ಏನು ಮಾಡಿದ್ದೀರಿ ಅಂತ ಗೊತ್ತೂ ಆಗುವುದಿಲ್ಲ.

ವೆಜ್ ಗಾತ್ರ ಸಾಫ್ಟ್‌ವೇರ್ ಹುಡುಕಿಕೊಡುವ ಉತ್ತರ ಅಲ್ಲ. ಸ್ಥಳದಲ್ಲಿ ಅಳೆದು ನೀವು ಕೊಡಬೇಕಾದ ಇನ್‌ಪುಟ್ ಅದು. ಕೆಳಗಿನ ಹಂತಗಳು ರಾಕ್‌ಸೈನ್ಸ್ ಕಂಪನಿಯ ಸ್ವೆಜ್‌ನಂಥ (SWedge) ಪ್ರೋಗ್ರಾಂಗಳನ್ನು ಮನಸ್ಸಿನಲ್ಲಿಟ್ಟು ಬರೆದವು. ಮೆನು ಹೆಸರುಗಳು ಆವೃತ್ತಿಯಿಂದ ಆವೃತ್ತಿಗೆ ಬದಲಾಗುತ್ತವೆ, ಹಾಗಾಗಿ ಬಟನ್‌ಗಿಂತ ಹಂತಗಳ ಕ್ರಮಕ್ಕೆ ಗಮನ ಕೊಡಿ.

## ಏನೇನು ಬೇಕು

- ಡಿಪ್ ಮತ್ತು ಡಿಪ್ ದಿಕ್ಕು ಅಳೆಯಲು ಭೂವಿಜ್ಞಾನದ ಕಂಪಾಸ್
- ಟೇಪ್, ಸ್ಕ್ಯಾನ್‌ಲೈನ್ ದಾಖಲೆ ಹಾಳೆ (ಮುಖದ ಮೇಲೆ ಟೇಪ್ ಹಿಡಿದು ಅದನ್ನು ದಾಟುವ ಜಾಯಿಂಟ್‌ಗಳನ್ನು ಬರೆಯುವ ಹಾಳೆ)
- ಸಾಧ್ಯವಾದರೆ ಡ್ರೋನ್ ಚಿತ್ರಗಳಿಂದ ಮಾಡಿದ ಮೂರು ಆಯಾಮದ ಮಾದರಿ. ಕೈಗೆ ಎಟುಕದ ಎತ್ತರದಲ್ಲಿ ಟ್ರೇಸ್ (ಹೊರಮೈ ಮೇಲೆ ಕಾಣುವ ಜಾಯಿಂಟ್‌ನ ಗೆರೆ) ಅಳೆಯಲು ಇದೇ ಗತಿ
- ಸ್ಟೀರಿಯೊನೆಟ್ (ಜಾಯಿಂಟ್‌ಗಳ ದಿಕ್ಕನ್ನು ವೃತ್ತದೊಳಗೆ ತೋರಿಸುವ ನಕ್ಷೆ) ಹಾಕುವ ಪ್ರೋಗ್ರಾಂ
- ಒಂದು ಸ್ಪ್ರೆಡ್‌ಶೀಟ್. ಕೈಲೆಕ್ಕಕ್ಕೆ ಇದು ಬೇಕೇ ಬೇಕು

## ಸಾಫ್ಟ್‌ವೇರ್ ಯಾಕೆ ಅಷ್ಟು ದೊಡ್ಡ ವೆಜ್ ಕೊಡುತ್ತದೆ

ನೀವು ಕೊಟ್ಟಿದ್ದು ಕೋನಗಳು ಮಾತ್ರ. ಜಾಯಿಂಟ್ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಅಂತ ನೀವು ಹೇಳಿಲ್ಲ. ಹಾಗಾಗಿ ಪ್ರೋಗ್ರಾಂ ಎರಡು ಊಹೆ ಮಾಡುತ್ತದೆ. ಜಾಯಿಂಟ್‌ಗೆ ಕೊನೆಯೇ ಇಲ್ಲ ಅನ್ನುವುದು ಒಂದು. ಅದು ಇಳಿಜಾರಿನಲ್ಲಿ ಎಲ್ಲಿ ಬೇಕಾದರೂ ಇರಬಹುದು ಅನ್ನುವುದು ಇನ್ನೊಂದು. ಇವೆರಡನ್ನೂ ಒಪ್ಪಿಕೊಂಡ ಮೇಲೆ ಎರಡು ಜಾಯಿಂಟ್ ಕೂಡುವ ಗೆರೆಯನ್ನು ಸರಿಯಾಗಿ ಬುಡದಲ್ಲಿ ಹೊರಬರುವಂತೆ ಇಟ್ಟರೆ, ಆ ಎತ್ತರಕ್ಕೆ ಸಾಧ್ಯವಾದ ಅತಿ ದೊಡ್ಡ ವೆಜ್ ಸಿಗುತ್ತದೆ. ತೆರೆಯ ಮೇಲೆ ನೀವು ನೋಡುತ್ತಿರುವುದು ಅದನ್ನೇ.

ಮುಂದಿನ ಎಲ್ಲ ಹಂತಕ್ಕೂ ಒಂದೇ ಉದಾಹರಣೆ ಬಳಸುತ್ತೇನೆ. ನೀವೂ ನಿಮ್ಮ ಪ್ರೋಗ್ರಾಂನಲ್ಲಿ ಹಾಕಿ ನೋಡಿ:

- ಇಳಿಜಾರಿನ ಮುಖ: ಡಿಪ್ 65 ಡಿಗ್ರಿ, ಡಿಪ್ ದಿಕ್ಕು 180
- ಮೇಲಿನ ನೆಲ: ಸಮತಟ್ಟು
- ಎತ್ತರ: 30 ಮೀಟರ್
- ಜಾಯಿಂಟ್ 1: 55 ಡಿಗ್ರಿ, ದಿಕ್ಕು 130
- ಜಾಯಿಂಟ್ 2: 55 ಡಿಗ್ರಿ, ದಿಕ್ಕು 230
- ಎರಡಕ್ಕೂ ಫ್ರಿಕ್ಷನ್ ಕೋನ (ಘರ್ಷಣೆಯ ಹಿಡಿತದ ಅಳತೆ) 30 ಡಿಗ್ರಿ, ಕೊಹೀಷನ್ (ಜಾಯಿಂಟ್‌ನ ಅಂಟುವ ಹಿಡಿತ) 20 ಕಿಲೋಪಾಸ್ಕಲ್
- ಬಂಡೆಯ ಏಕಮಾನ ತೂಕ: ಘನ ಮೀಟರ್‌ಗೆ 26 ಕಿಲೋನ್ಯೂಟನ್
- ನೀರಿಲ್ಲ, ಬೋಲ್ಟ್ ಇಲ್ಲ

## ಹಂತ 1: ಯಾವ ಪ್ರಶ್ನೆಗೆ ಉತ್ತರ ಬೇಕು ಅಂತ ಬರೆದಿಡಿ

ಸಾಫ್ಟ್‌ವೇರ್ ತೆರೆಯುವ ಮೊದಲೇ ಇದು ಆಗಬೇಕು. ಬೆಂಚ್‌ನ (ಇಳಿಜಾರಿನಲ್ಲಿ ಕಡಿದ ಮೆಟ್ಟಿಲಿನ) ಅಂಚು ಎಷ್ಟು ಮುರಿದು ಹೋಗುತ್ತದೆ ಅನ್ನುವುದು ಒಂದು ಪ್ರಶ್ನೆ. ಇಡೀ ಇಳಿಜಾರು ಜಾರುತ್ತದಾ ಅನ್ನುವುದು ಬೇರೆ ಪ್ರಶ್ನೆ. ಬೋಲ್ಟ್ ಎಷ್ಟು ಉದ್ದ ಇರಬೇಕು ಅನ್ನುವುದು ಮೂರನೆಯದು.

ಮೂರಕ್ಕೂ ಒಂದೇ ವೆಜ್ ಬಳಸಲು ಹೋದಾಗಲೇ ಗೋಜಲು ಶುರುವಾಗುವುದು. ಬೆಂಚ್ ಪ್ರಶ್ನೆಗೆ ಬೆಂಚ್ ಎತ್ತರ ಮತ್ತು ಅಗಲ ಮಿತಿ ಹಾಕುತ್ತವೆ. ಇಡೀ ಇಳಿಜಾರಿನ ಪ್ರಶ್ನೆಗೆ ಅಷ್ಟುದ್ದ ಹೋಗುವ ಜಾಯಿಂಟ್, ಅಂದರೆ ಬಂಡೆ ಸರಿದು ಆದ ಫಾಲ್ಟ್ ಅಥವಾ ಶಿಯರ್ ವಲಯದಂಥದ್ದು, ನಿಜಕ್ಕೂ ಇದೆಯಾ ಅಂತ ನೋಡಬೇಕು. ಅಂಥದ್ದು ಇಲ್ಲದಿದ್ದರೆ ಇಡೀ ಇಳಿಜಾರಿನ ವೆಜ್ ಬರೀ ಜ್ಯಾಮಿತಿ.

## ಹಂತ 2: ಸ್ಥಳದಿಂದ ಉದ್ದಗಳನ್ನು ತನ್ನಿ

ಕೋನಗಳನ್ನು ಎಲ್ಲರೂ ಅಳೆಯುತ್ತಾರೆ. ಉದ್ದ ಅಳೆಯುವವರು ಕಡಿಮೆ. ಆಮೇಲೆ ಕಚೇರಿಯಲ್ಲಿ ಕೂತು ಅಂದಾಜು ಹೊಡೆಯುವುದು.

ಪ್ರತಿ ಜಾಯಿಂಟ್ ಗುಂಪಿಗೆ ಇಷ್ಟು ಬರೆದುಕೊಳ್ಳಿ: ಬಂಡೆಯ ಮುಖದ ಮೇಲೆ ಕಾಣುವ ಗೆರೆಯ ಉದ್ದ, ಆ ಗೆರೆಯ ಎಷ್ಟು ತುದಿಗಳು ಕಣ್ಣಿಗೆ ಕಾಣುತ್ತವೆ, ಪಕ್ಕದ ಜಾಯಿಂಟ್‌ಗೆ ಎಷ್ಟು ಅಂತರ. ತುದಿಗಳ ಲೆಕ್ಕವೇ ಇದರಲ್ಲಿ ಮುಖ್ಯ. ಎರಡೂ ತುದಿ ಕಂಡರೆ ಅಳತೆ ಪೂರ್ತಿ. ಒಂದು ತುದಿ ಮಣ್ಣಿನೊಳಗೆ ಹೋಗಿದ್ದರೆ ನೀವು ಅಳೆದದ್ದು ಕನಿಷ್ಠ ಉದ್ದ ಮಾತ್ರ. ಹೆಚ್ಚಿನ ಗೆರೆಗಳು ಹೀಗೇ ಇದ್ದರೆ, ಅಳೆದದ್ದರಲ್ಲಿ ದೊಡ್ಡದನ್ನು ಗರಿಷ್ಠ ಅಂತ ಕರೆಯಬೇಡಿ.

ಅಂತರರಾಷ್ಟ್ರೀಯ ಬಂಡೆ ಯಂತ್ರಶಾಸ್ತ್ರ ಸಂಸ್ಥೆ 1978ರಲ್ಲಿ ಪರ್ಸಿಸ್ಟೆನ್ಸ್‌ಗೆ (ಜಾಯಿಂಟ್ ಎಷ್ಟು ದೂರ ಹೋಗುತ್ತದೆ ಅನ್ನುವುದಕ್ಕೆ) ಸೂಚಿಸಿದ ವರ್ಗಗಳು ಇಂದಿಗೂ ಬಳಕೆಯಲ್ಲಿವೆ: 1 ಮೀಟರ್‌ಗಿಂತ ಕಡಿಮೆ ಇದ್ದರೆ ಅತಿ ಕಡಿಮೆ, 1ರಿಂದ 3 ಕಡಿಮೆ, 3ರಿಂದ 10 ಮಧ್ಯಮ, 10ರಿಂದ 20 ಹೆಚ್ಚು, 20ಕ್ಕಿಂತ ಮೇಲೆ ಅತಿ ಹೆಚ್ಚು. ವರದಿಯಲ್ಲಿ ವರ್ಗ ಬರೆದರೆ ಸಾಲದು, ಸಂಖ್ಯೆಯನ್ನೂ ಬರೆಯಿರಿ. 3ಕ್ಕೂ 10ಕ್ಕೂ ನಡುವೆ ಘನಗಾತ್ರದಲ್ಲಿ ಸುಮಾರು 37 ಪಟ್ಟು ವ್ಯತ್ಯಾಸ ಇದೆ.

ಇನ್ನೊಂದು ಆಧಾರವನ್ನು ಜನ ಸುಮ್ನೆ ಬಿಟ್ಟುಬಿಡುತ್ತಾರೆ. ಈಗಾಗಲೇ ಬಿದ್ದ ವೆಜ್‌ಗಳ ಗುರುತು ಬಂಡೆಯ ಮುಖದ ಮೇಲೆ ಇರುತ್ತದೆ. ಅದರ ಎತ್ತರ, ಅಗಲ, ಆಳ ಅಳೆಯಿರಿ. ನನ್ನ ಪ್ರಕಾರ ಇಂಥ ಹತ್ತು ಗುರುತುಗಳ ಅಳತೆ ಒಂದು ಪುಸ್ತಕ ತುಂಬ ಇರುವ ಸ್ಕ್ಯಾನ್‌ಲೈನ್‌ಗಿಂತ ಜಾಸ್ತಿ ಹೇಳುತ್ತದೆ.

## ಹಂತ 3: ಮಿತಿ ಹಾಕದೆ ಒಮ್ಮೆ ರನ್ ಮಾಡಿ, ಅಂಕಿಗಳನ್ನು ಬರೆದಿಡಿ

ನೇರವಾಗಿ ಮಿತಿ ಹಾಕಲು ಹೋಗಬೇಡಿ. ಮೊದಲು ದೊಡ್ಡ ವೆಜ್‌ನ ಎಲ್ಲ ಅಳತೆಗಳು ಕೈಯಲ್ಲಿರಬೇಕು. ಆಮೇಲಿನ ಪರೀಕ್ಷೆಗೆಲ್ಲ ಇದೇ ಅಡಿಪಾಯ.

ನಮ್ಮ ಉದಾಹರಣೆಯಲ್ಲಿ ಬರಬೇಕಾದ್ದು ಹೀಗೆ:

- ಕೂಡುಗೆರೆಯ ಇಳಿಕೆ ಸುಮಾರು 42.5 ಡಿಗ್ರಿ, ಉದ್ದ 44.4 ಮೀಟರ್
- ಇಳಿಜಾರಿನ ಮುಖದ ಮೇಲೆ ಜಾಯಿಂಟ್ ಟ್ರೇಸ್ 36.6 ಮೀಟರ್
- ಮೇಲಿನ ನೆಲದ ಮೇಲೆ ಟ್ರೇಸ್ 24.4 ಮೀಟರ್
- ಕ್ರೆಸ್ಟ್‌ನಿಂದ (ಮುಖದ ಮೇಲಂಚಿನಿಂದ) ಹಿಂದಕ್ಕೆ ವೆಜ್ ಹೋಗುವ ದೂರ 18.7 ಮೀಟರ್
- ಕ್ರೆಸ್ಟ್ ಉದ್ದಕ್ಕೆ ಅಗಲ 31.4 ಮೀಟರ್
- ಘನಗಾತ್ರ ಸುಮಾರು 2,930 ಘನ ಮೀಟರ್
- ಫ್ಯಾಕ್ಟರ್ ಆಫ್ ಸೇಫ್ಟಿ, ಅಂದರೆ ಎಫ್‌ಓಎಸ್ (ತಡೆಯುವ ಬಲವನ್ನು ಜಾರಿಸುವ ಬಲದಿಂದ ಭಾಗಿಸಿದ್ದು, 1ಕ್ಕಿಂತ ಕಡಿಮೆ ಆದರೆ ಜಾರುತ್ತದೆ), 1.15

ಕೂಡುಗೆರೆಯ ಇಳಿಕೆ ಮುಖದ ಡಿಪ್‌ಗಿಂತ ಕಡಿಮೆ, ಫ್ರಿಕ್ಷನ್ ಕೋನಕ್ಕಿಂತ ಜಾಸ್ತಿ. ಹಾಗಾಗಿ ಜಾರುವ ಸಾಧ್ಯತೆ ಇದೆ. ಇದನ್ನು ಸ್ಟೀರಿಯೊನೆಟ್‌ನಲ್ಲೂ ಒಮ್ಮೆ ನೋಡಿ. ಇಲ್ಲೇ ಹೊಂದಿಕೆಯಾಗದಿದ್ದರೆ ಸ್ಟ್ರೈಕ್ (ಡಿಪ್ ದಿಕ್ಕಿಗೆ ಅಡ್ಡವಾದ ದಿಕ್ಕು) ಇರುವ ಕಡೆ ಡಿಪ್ ದಿಕ್ಕು ಹಾಕಿರುವ ಸಾಧ್ಯತೆಯೇ ಹೆಚ್ಚು.

## ಹಂತ 4: ಒಂದೇ ಒಂದು ಮಿತಿ ಆರಿಸಿ

ಪ್ರೋಗ್ರಾಂ ಹಲವು ಆಯ್ಕೆ ಕೊಡುತ್ತದೆ: ಟ್ರೇಸ್ ಉದ್ದ, ಪರ್ಸಿಸ್ಟೆನ್ಸ್, ಬೆಂಚ್ ಅಗಲ, ಇಳಿಜಾರಿನ ಉದ್ದ, ಘನಗಾತ್ರ, ತೂಕ. ಎಲ್ಲದರಲ್ಲೂ ಏನಾದರೊಂದು ಸಂಖ್ಯೆ ತುಂಬಿಸಬೇಕು ಅಂತ ಕೈ ಹೋಗುತ್ತದೆ, ಅಲ್ವಾ? ತುಂಬಿಸಬೇಡಿ. ಎಲ್ಲ ಹಾಕಿದರೆ ಅವುಗಳಲ್ಲಿ ಅತಿ ಬಿಗಿಯಾದದ್ದೇ ಗೆಲ್ಲುತ್ತದೆ. ಯಾವುದು ಗೆದ್ದಿತು ಅಂತ ಆಮೇಲೆ ನಿಮಗೇ ತಿಳಿಯುವುದಿಲ್ಲ.

ಆರಿಸುವ ನಿಯಮ ಸರಳ. ನೀವು ಯಾವುದನ್ನು ನಿಜವಾಗಿ ಅಳೆದಿದ್ದೀರೋ ಅದೇ ಮಿತಿ.

ಟ್ರೇಸ್ ಅಳೆದಿದ್ದರೆ ಟ್ರೇಸ್ ಉದ್ದ ಹಾಕಿ. ಹೆಚ್ಚಿನ ಸಂದರ್ಭಕ್ಕೆ ಇದೇ ಒಳ್ಳೆಯದು, ಯಾಕೆಂದರೆ ಕಣ್ಣಿಗೆ ಕಾಣುವುದು ಅದೊಂದೇ.

ಬೆಂಚ್ ವಿನ್ಯಾಸ ಆದರೆ ಬೆಂಚ್ ಅಗಲ. ನಮ್ಮ ಉದಾಹರಣೆಯಲ್ಲಿ 8 ಮೀಟರ್ ಅಗಲ ಕೊಟ್ಟರೆ ವೆಜ್ ಸುಮಾರು 230 ಘನ ಮೀಟರ್‌ಗೆ ಇಳಿಯುತ್ತದೆ, ಎತ್ತರ 12.8 ಮೀಟರ್ ಆಗುತ್ತದೆ.

ಇಳಿಜಾರು ಎರಡೂ ಕಡೆ ಮುಗಿಯುತ್ತಿದ್ದರೆ ಇಳಿಜಾರಿನ ಉದ್ದ. ಮುಖ ಕೇವಲ 20 ಮೀಟರ್ ಅಗಲ ಇದ್ದರೆ 31.4 ಮೀಟರ್ ಅಗಲದ ವೆಜ್ ಅಲ್ಲಿ ಹಿಡಿಸುವುದೇ ಇಲ್ಲ. ಆಗ 760 ಘನ ಮೀಟರ್ ಸಿಗುತ್ತದೆ.

ಘನಗಾತ್ರ, ತೂಕ ಇವೆರಡನ್ನು ಬಿದ್ದ ವೆಜ್‌ನ ಹಿಂಲೆಕ್ಕಕ್ಕೆ ಮಾತ್ರ ಇಟ್ಟುಕೊಳ್ಳಿ. ಹೊಸ ವಿನ್ಯಾಸಕ್ಕೆ 100 ಘನ ಮೀಟರ್ ಅಂತ ಹಾಕಿದರೆ, ಯಾಕೆ 100 ಅಂತ ಕೇಳಿದವರಿಗೆ ಉತ್ತರ ಇರುವುದಿಲ್ಲ.

ಎರಡು ಜಾಯಿಂಟ್‌ಗಳ ಉದ್ದ ಬೇರೆ ಬೇರೆ ಇದ್ದರೆ ಎರಡಕ್ಕೂ ಅವುಗಳದ್ದೇ ಸಂಖ್ಯೆ ಕೊಡಿ. ವೆಜ್ ಆಗಲು ಎರಡೂ ಬೇಕು. ಹಾಗಾಗಿ ಯಾವ ಜಾಯಿಂಟ್‌ನಲ್ಲಿ ಜಾಸ್ತಿ ಕುಗ್ಗಿಸಬೇಕೋ ಅದೇ ಇಡೀ ವೆಜ್ ಅನ್ನು ಕುಗ್ಗಿಸುತ್ತದೆ. ಒಂದು ಜಾಯಿಂಟ್ 40 ಮೀಟರ್ ಹೋದ ಮಾತ್ರಕ್ಕೆ ದೊಡ್ಡ ವೆಜ್ ಬರುವುದಿಲ್ಲ.

ಇನ್ನೂ ಒಂದು ಮಾತು. ಈ ಮಿತಿಗಳು ವೆಜ್ ಅನ್ನು ಚಿಕ್ಕದು ಮಾತ್ರ ಮಾಡುತ್ತವೆ. ಟ್ರೇಸ್ 50 ಮೀಟರ್ ಅಂತ ಹಾಕಿದರೆ ಏನೂ ಬದಲಾಗುವುದಿಲ್ಲ, ಯಾಕೆಂದರೆ ದೊಡ್ಡ ವೆಜ್‌ನಲ್ಲೇ ಅದು 36.6 ಇತ್ತು. "ಸಂಖ್ಯೆ ಹಾಕಿದೆ, ಏನೂ ಆಗಲಿಲ್ಲ" ಅನ್ನುವ ದೂರಿಗೆ ಹೆಚ್ಚಾಗಿ ಕಾರಣ ಇದೇ.

## ಹಂತ 5: ಆ ಉದ್ದವನ್ನು ಪ್ರೋಗ್ರಾಂ ಎಲ್ಲಿಂದ ಎಲ್ಲಿಗೆ ಅಳೆಯುತ್ತದೆ ಅಂತ ನೋಡಿ

ಹೆಚ್ಚು ಜನ ಎಡವುವುದು ಇಲ್ಲಿ. ಹಾಗಾಗಿ ನಿಧಾನವಾಗಿ ಹೋಗೋಣ.

ಸ್ಥಳದಲ್ಲಿ ಅಳೆದ ಉದ್ದ 12 ಮೀಟರ್ ಅಂತಿಟ್ಟುಕೊಳ್ಳಿ. ಇದನ್ನು ಮೂರು ರೀತಿ ಅರ್ಥ ಮಾಡಿಕೊಳ್ಳಬಹುದು.

ಒಂದು, ಇಳಿಜಾರಿನ ಮುಖದ ಮೇಲಿನ ಗೆರೆ ಮಾತ್ರ. ಆಗ 36.6 ಮೀಟರ್ 12ಕ್ಕೆ ಇಳಿಯುತ್ತದೆ. ವೆಜ್ ಸುಮಾರು 103 ಘನ ಮೀಟರ್.

ಎರಡು, ಜಾಯಿಂಟ್ ತಲದ ಒಳಗೆ ಎಳೆಯಬಹುದಾದ ಅತಿ ಉದ್ದದ ಗೆರೆ. ಪರ್ಸಿಸ್ಟೆನ್ಸ್ ಅಂದರೆ ಸಾಮಾನ್ಯವಾಗಿ ಇದೇ. ನಮ್ಮ ವೆಜ್‌ನಲ್ಲಿ ಅದು ಕೂಡುಗೆರೆ, 44.4 ಮೀಟರ್. ಅದನ್ನು 12ಕ್ಕೆ ಇಳಿಸಿದರೆ ಉಳಿಯುವುದು 58 ಘನ ಮೀಟರ್.

ಮೂರು, ಮುಖದ ಮೇಲಿನ ಗೆರೆ ಮತ್ತು ಮೇಲಿನ ನೆಲದ ಗೆರೆ ಎರಡನ್ನೂ ಕೂಡಿಸಿದ ಉದ್ದ, ಒಟ್ಟು 61 ಮೀಟರ್. ಅದು 12 ಆದರೆ ವೆಜ್ ಬರೀ 22 ಘನ ಮೀಟರ್.

ಅದೇ 12 ಮೀಟರ್, ಉತ್ತರ 103, 58, 22. ಹೆಚ್ಚುಕಮ್ಮಿ ಐದು ಪಟ್ಟು ವ್ಯತ್ಯಾಸ. ಪ್ರೋಗ್ರಾಂ ಜೊತೆ ಬರುವ ಸಹಾಯ ಪುಟದಲ್ಲಿ ಆ ಆಯ್ಕೆಯ ವ್ಯಾಖ್ಯೆಯನ್ನು ಚಿತ್ರದ ಸಮೇತ ಓದಿ. ಓದಿದ ಮೇಲೂ ಅನುಮಾನ ಇದ್ದರೆ ಮೇಲಿನ ಉದಾಹರಣೆಯನ್ನೇ ಹಾಕಿ 12 ಕೊಡಿ. ಮೂರರಲ್ಲಿ ಯಾವ ಘನಗಾತ್ರ ಬಂತೋ ಅದೇ ನಿಮ್ಮ ಪ್ರೋಗ್ರಾಂನ ವ್ಯಾಖ್ಯೆ. ಓದಿ ತಲೆಕೆಡಿಸಿಕೊಳ್ಳುವುದಕ್ಕಿಂತ ಇದು ಬೇಗ ಆಗುವ ಕೆಲಸ.

ಸ್ಥಳದಲ್ಲಿ ಟ್ರೇಸ್ ಅಳೆದು ಪ್ರೋಗ್ರಾಂನಲ್ಲಿ ಪರ್ಸಿಸ್ಟೆನ್ಸ್ ಜಾಗಕ್ಕೆ ಹಾಕುವುದು ಅತಿ ಸಾಮಾನ್ಯ ತಪ್ಪು. ಅದರಲ್ಲೂ ಈ ತಪ್ಪು ವೆಜ್ ಅನ್ನು ಚಿಕ್ಕದು ಮಾಡುವ ಕಡೆಗೇ ವಾಲುತ್ತದೆ. ಅಂದರೆ ಅಪಾಯದ ಕಡೆಗೆ.

## ಹಂತ 6: ಕೈಲೆಕ್ಕದಲ್ಲಿ ತಾಳೆ ನೋಡಿ

ಮಿತಿ ಹಾಕಿದಾಗ ವೆಜ್‌ನ ಆಕಾರ ಬದಲಾಗುವುದಿಲ್ಲ, ಕೋನಗಳೆಲ್ಲ ಹಾಗೇ ಇರುತ್ತವೆ. ಉದ್ದ ಒಂದು ಪ್ರಮಾಣದಲ್ಲಿ ಕುಗ್ಗಿದರೆ ಮುಖಗಳ ವಿಸ್ತೀರ್ಣ ಅದರ ವರ್ಗದಂತೆ, ಘನಗಾತ್ರ ಅದರ ಘನದಂತೆ ಕುಗ್ಗಬೇಕು.

ನಮ್ಮಲ್ಲಿ 12ನ್ನು 36.6ರಿಂದ ಭಾಗಿಸಿದರೆ 0.328. ವರ್ಗ 0.107, ಘನ 0.035. ಜಾಯಿಂಟ್ ಮುಖದ ವಿಸ್ತೀರ್ಣ 447 ಚದರ ಮೀಟರ್ ಇದ್ದದ್ದು 48 ಆಗಬೇಕು. ಘನಗಾತ್ರ 2,930 ಇದ್ದದ್ದು 103 ಆಗಬೇಕು. ವೆಜ್ ಎತ್ತರ 30 ಇದ್ದದ್ದು 9.8.

ಪ್ರೋಗ್ರಾಂ ಕೊಟ್ಟದ್ದಕ್ಕೂ ಇದಕ್ಕೂ ಹೊಂದಿದರೆ ಮುಂದೆ ಹೋಗಿ. ಹೊಂದದಿದ್ದರೆ ಬೇರೆ ಯಾವುದೋ ಮಿತಿ ಒಳಗೇ ಆನ್ ಆಗಿದೆ, ಇಲ್ಲವೇ ಟೆನ್ಶನ್ ಕ್ರ್ಯಾಕ್ ವೆಜ್‌ನ ಹಿಂಭಾಗವನ್ನು ಕತ್ತರಿಸಿದೆ.

ಚಿಕ್ಕ ವೆಜ್ ತೆರೆಯ ಮೇಲೆ ಕ್ರೆಸ್ಟ್‌ಗೆ ಅಂಟಿಕೊಂಡೇ ಕಾಣುತ್ತದೆ. ಅದನ್ನು ಮುಖದ ಮಧ್ಯಕ್ಕೆ ಇಳಿಸಲು ಪರದಾಡಬೇಡಿ. ಎರಡು ಜಾಯಿಂಟ್ ಮತ್ತು ಒಂದು ಮುಖ ಸೇರಿ ಮುಚ್ಚಿದ ಆಕಾರ ಆಗುವುದಿಲ್ಲ, ಮೇಲ್ಗಡೆ ತೆರೆದೇ ಇರುತ್ತದೆ. ಮುಚ್ಚಲು ಮೇಲಿನ ನೆಲ ಬೇಕು. ಮುಖದ ಮಧ್ಯದಲ್ಲಿ ನಿಜಕ್ಕೂ ತುಂಡುಗಳು ಬೀಳುತ್ತಿದ್ದರೆ ಅಲ್ಲಿ ಮೂರನೆಯ ಜಾಯಿಂಟ್ ಇದೆ ಅಂತ ಅರ್ಥ. ಅದನ್ನು ಹುಡುಕಿ ಅಳೆದು ಟೆನ್ಶನ್ ಕ್ರ್ಯಾಕ್ ತರಹ ಕೊಡಿ.

## ಹಂತ 7: ಗಾತ್ರ ಬದಲಿಸುತ್ತಾ ಎಫ್‌ಓಎಸ್ ನೋಡಿ

ಒಂದು ಗಾತ್ರಕ್ಕೆ ಒಂದು ಎಫ್‌ಓಎಸ್ ತೆಗೆದು ನಿಲ್ಲಿಸಬೇಡಿ. ಗಾತ್ರ ಬದಲಾದಂತೆ ಅದು ಹೇಗೆ ಬದಲಾಗುತ್ತದೆ ಅನ್ನುವುದೇ ನಿಜವಾದ ಮಾಹಿತಿ.

ಒಣ ವೆಜ್‌ನಲ್ಲಿ ಎಫ್‌ಓಎಸ್‌ಗೆ ಎರಡು ಭಾಗ. ಫ್ರಿಕ್ಷನ್ ಭಾಗ ತೂಕದ ಜೊತೆಗೇ ಏರಿ ಇಳಿಯುತ್ತದೆ, ಹಾಗಾಗಿ ಅದಕ್ಕೆ ಗಾತ್ರದ ಹಂಗಿಲ್ಲ. ಕೊಹೀಷನ್ ಹಿಡಿತ ವಿಸ್ತೀರ್ಣದಂತೆ ಏರುತ್ತದೆ, ಕೆಳಕ್ಕೆ ಎಳೆಯುವ ತೂಕ ಘನಗಾತ್ರದಂತೆ. ಹಾಗಾಗಿ ವೆಜ್ ದೊಡ್ಡದಾದಷ್ಟೂ ಕೊಹೀಷನ್ ಪಾಲು ಕರಗುತ್ತದೆ. ಎತ್ತರ ಇಮ್ಮಡಿಯಾದರೆ ಆ ಪಾಲು ಅರ್ಧ.

ನಮ್ಮ ಉದಾಹರಣೆಯಲ್ಲಿ ಫ್ರಿಕ್ಷನ್ ಪಾಲು 0.81. ಉಳಿದದ್ದು ಹೀಗೆ:

- ವೆಜ್ ಎತ್ತರ 10 ಮೀಟರ್: ಎಫ್‌ಓಎಸ್ 1.85
- 15 ಮೀಟರ್: 1.50
- 21 ಮೀಟರ್: 1.30
- 30 ಮೀಟರ್: 1.15
- 60 ಮೀಟರ್: 0.98

ಈಗ ಪ್ರಶ್ನೆ ತಿರುಗುತ್ತದೆ. 1.3 ಬೇಕು ಅಂದರೆ, 21 ಮೀಟರ್‌ಗಿಂತ ಎತ್ತರದ ವೆಜ್ ಇಲ್ಲಿ ಆಗಬಲ್ಲದಾ? ಅಷ್ಟು ಎತ್ತರಕ್ಕೆ ಮುಖದ ಮೇಲೆ ಸುಮಾರು 26 ಮೀಟರ್ ಟ್ರೇಸ್ ಬೇಕು. ಇದನ್ನು ಸ್ಥಳದ ದಾಖಲೆಯಲ್ಲಿ ಹುಡುಕಬಹುದು. ಬರೀ ಎಫ್‌ಓಎಸ್ ಹಿಡಿದುಕೊಂಡು ವಾದ ಮಾಡುವುದಕ್ಕಿಂತ ಇದು ಎಷ್ಟೋ ವಾಸಿ.

ಒಂದು ಪರೀಕ್ಷೆ ಇಲ್ಲೇ ಮಾಡಿಬಿಡಿ. ಕೊಹೀಷನ್ ಸೊನ್ನೆ ಮಾಡಿ, ನೀರು ತೆಗೆದು, ಮೂರು ಗಾತ್ರಕ್ಕೆ ರನ್ ಮಾಡಿ. ಮೂರಕ್ಕೂ 0.81 ಬರಬೇಕು. ಬೇರೆ ಬೇರೆ ಬಂದರೆ ಎಲ್ಲೋ ಬೋಲ್ಟ್ ಅಥವಾ ಹೊರಗಿನ ಬಲ ಉಳಿದುಕೊಂಡಿದೆ. ಇದಕ್ಕೆ ಒಂದು ವಿನಾಯಿತಿ ಇದೆ. ಜಾಯಿಂಟ್‌ನ ಒರಟುತನವನ್ನೂ ಲೆಕ್ಕಕ್ಕೆ ತಗೊಳ್ಳುವ ಬಾರ್ಟನ್–ಬ್ಯಾಂಡಿಸ್ ಮಾದರಿ ಬಳಸಿದ್ದರೆ ಕೊಹೀಷನ್ ಇಲ್ಲದೆಯೂ ಎಫ್‌ಓಎಸ್ ಬದಲಾಗುತ್ತದೆ. ಚಿಕ್ಕ ವೆಜ್‌ನಲ್ಲಿ ಜಾಯಿಂಟ್ ಮೇಲಿನ ಒತ್ತಡ ಕಡಿಮೆ. ನಮ್ಮ ದೊಡ್ಡ ವೆಜ್‌ನಲ್ಲಿ ಸರಾಸರಿ 81 ಕಿಲೋಪಾಸ್ಕಲ್ ಇದ್ದರೆ 12 ಮೀಟರ್ ಟ್ರೇಸ್‌ನ ಚಿಕ್ಕದರಲ್ಲಿ 26. ಆ ಮಾದರಿಯಲ್ಲಿ ಒತ್ತಡ ಕಡಿಮೆಯಾದಂತೆ ಫ್ರಿಕ್ಷನ್ ಕೋನ ಏರುತ್ತದೆ.

ಕೊಹೀಷನ್ ಬಗ್ಗೆ ಇನ್ನೊಂದು ಎಚ್ಚರಿಕೆ. ಕೆಲವರು ಜಾಯಿಂಟ್ ನಡುವೆ ಮುರಿಯದೆ ಉಳಿದ ಬಂಡೆ ಇದೆ ಅಂತ ಕೊಹೀಷನ್ ಏರಿಸುತ್ತಾರೆ. ಅದೇ ಕಾರಣ ಕೊಟ್ಟು ಪರ್ಸಿಸ್ಟೆನ್ಸ್ ಅನ್ನೂ ಇಳಿಸುತ್ತಾರೆ. ಒಂದೇ ಲಾಭವನ್ನು ಎರಡು ಸಲ ಎಣಿಸಿದ ಹಾಗಾಯಿತು. ಎರಡರಲ್ಲಿ ಒಂದನ್ನು ಬಿಡಿ.

## ಹಂತ 8: ನೀರು ಮತ್ತು ಟೆನ್ಶನ್ ಕ್ರ್ಯಾಕ್ ಅನ್ನು ಮರಳಿ ನೋಡಿ

ಗಾತ್ರ ಬದಲಿಸಿದ ಮೇಲೆ ನೀರಿನ ಒತ್ತಡವೂ ಬದಲಾಯಿತಾ ಅಂತ ನೋಡಲೇಬೇಕು. ಜಾಯಿಂಟ್ ಪೂರ್ತಿ ತುಂಬಿದೆ ಅನ್ನುವ ಸಾಮಾನ್ಯ ಊಹೆಯಲ್ಲಿ ಸರಾಸರಿ ಒತ್ತಡ ಅಂದರೆ ನೀರಿನ ಏಕಮಾನ ತೂಕ ಗುಣಿಸು ವೆಜ್ ಎತ್ತರ, ಭಾಗಿಸು 6. ಎತ್ತರ 30 ಇದ್ದರೆ 49 ಕಿಲೋಪಾಸ್ಕಲ್, 9.8 ಇದ್ದರೆ 16.

ಇದರಂತೆ ದೊಡ್ಡ ವೆಜ್‌ನ ಎಫ್‌ಓಎಸ್ 1.15ರಿಂದ 0.66ಕ್ಕೆ ಬೀಳುತ್ತದೆ. 12 ಮೀಟರ್ ಟ್ರೇಸ್‌ನ ಚಿಕ್ಕ ವೆಜ್ 1.87ರಿಂದ ಸುಮಾರು 1.38ಕ್ಕೆ. ಪ್ರೋಗ್ರಾಂ ಶೇಕಡಾವಾರು ತುಂಬಿದ ಮಟ್ಟ ಕೇಳಿದರೆ ಈ ಬದಲಾವಣೆ ತಾನಾಗಿ ಆಗುತ್ತದೆ. ಆದರೆ ನೀವು ಒತ್ತಡವನ್ನೇ ಸಂಖ್ಯೆಯಾಗಿ ಕೊಟ್ಟಿದ್ದರೆ ಅದು ಕುಗ್ಗುವುದಿಲ್ಲ. ಚಿಕ್ಕ ವೆಜ್ ಮೇಲೆ 49 ಕಿಲೋಪಾಸ್ಕಲ್ ಹಾಗೇ ಉಳಿದರೆ ನೀರಿನ ಬಲ ಬಂಡೆಯ ಒತ್ತುವ ಬಲವನ್ನೇ ಮೀರುತ್ತದೆ, ಜಾಯಿಂಟ್‌ನಿಂದ ವೆಜ್ ಎದ್ದುನಿಲ್ಲುತ್ತದೆ. ಚಿಕ್ಕ ವೆಜ್‌ಗೆ ಇದ್ದಕ್ಕಿದ್ದಂತೆ ಎಫ್‌ಓಎಸ್ ಸೊನ್ನೆ ಬಂದರೆ ಮೊದಲು ಇಲ್ಲಿ ನೋಡಿ.

ಟೆನ್ಶನ್ ಕ್ರ್ಯಾಕ್‌ಗೂ ಇದೇ ಕಾಟ. ಅದನ್ನು ಕ್ರೆಸ್ಟ್‌ನಿಂದ ಇಷ್ಟು ಮೀಟರ್ ಹಿಂದೆ ಅಂತ ಕೊಡುತ್ತೇವೆ. ಆ ದೂರವನ್ನು ನೇರವಾಗಿ ಅಳೆಯಬೇಕೋ, ಜಾಯಿಂಟ್ 1ರ ಟ್ರೇಸ್ ಗುಂಟ ಅಳೆಯಬೇಕೋ ಅಂತ ಖಚಿತ ಮಾಡಿಕೊಳ್ಳಿ. ಸ್ವೆಜ್‌ನಲ್ಲಿ ಟ್ರೇಸ್ ಗುಂಟ. ನಮ್ಮ ಚಿಕ್ಕ ವೆಜ್ ಕ್ರೆಸ್ಟ್‌ನಿಂದ ಹಿಂದಕ್ಕೆ ಹೋಗುವುದೇ 6.1 ಮೀಟರ್. 10 ಮೀಟರ್ ಹಿಂದಿರುವ ಕ್ರ್ಯಾಕ್ ಅದನ್ನು ಮುಟ್ಟುವುದೇ ಇಲ್ಲ.

## ಹಂತ 9: ಬೋಲ್ಟ್‌ಗಳನ್ನು ಕೊನೆಗೆ ಹಾಕಿ

ಗಾತ್ರ ತೀರ್ಮಾನ ಆಗದೆ ಬೋಲ್ಟ್ ಹಾಕಿದರೆ ಕೆಲಸ ಎರಡು ಸಲ ಆಗುತ್ತದೆ. ಬೋಲ್ಟ್‌ನ ಬಲ ಸ್ಥಿರ, ವೆಜ್‌ನ ತೂಕ ಘನದಂತೆ ಏರುತ್ತದೆ. ಒಟ್ಟು 1,000 ಕಿಲೋನ್ಯೂಟನ್ ಬೋಲ್ಟ್ ಬಲ ನಮ್ಮ 103 ಘನ ಮೀಟರ್ ವೆಜ್‌ನ ಜಾರುವ ಬಲದ ಶೇ. 55ರಷ್ಟು. 2,930 ಘನ ಮೀಟರ್‌ಗೆ ಶೇ. 2 ಕೂಡ ಅಲ್ಲ.

ಉದ್ದವನ್ನೂ ನೋಡಿ. ಮುಖದ ಅರ್ಧ ಎತ್ತರದಲ್ಲಿ, ವೆಜ್‌ನ ನಡುವೆ, ಮುಖಕ್ಕೆ ನೇರವಾಗಿ ಕೊರೆದರೆ ದೊಡ್ಡ ವೆಜ್‌ನ ಆಳ 6.8 ಮೀಟರ್, ಚಿಕ್ಕದರದ್ದು 2.2. 5 ಮೀಟರ್ ಬೋಲ್ಟ್ ಚಿಕ್ಕದನ್ನು ದಾಟಿ ಗಟ್ಟಿ ಬಂಡೆ ಹಿಡಿಯುತ್ತದೆ. ದೊಡ್ಡದರಲ್ಲಿ ವೆಜ್ ಒಳಗೇ ಮುಗಿದುಹೋಗುತ್ತದೆ, ಅದು ಇದ್ದೂ ಇಲ್ಲದ ಲೆಕ್ಕ.

## ಹಂತ 10: ಸಂಭವನೀಯತೆಯ ವಿಶ್ಲೇಷಣೆ ಮಾಡುವುದಾದರೆ

ಕೋನಗಳಿಗೆ ಒಂದೇ ಸಂಖ್ಯೆಯ ಬದಲು ಹಂಚಿಕೆ ಕೊಟ್ಟರೆ ಪ್ರತಿ ಸಲವೂ ಬೇರೆ ಆಕಾರ, ಬೇರೆ ಗಾತ್ರ. ಮಿತಿ ಹಾಕದಿದ್ದರೆ ಒಂದು ಸಲ 20, ಇನ್ನೊಂದು ಸಲ 20,000 ಘನ ಮೀಟರ್ ಬರಬಹುದು. ಸರಾಸರಿ ಗಾತ್ರಕ್ಕೆ ಅಲ್ಲಿ ಅರ್ಥವೇ ಇರುವುದಿಲ್ಲ. ಹಾಗಾಗಿ ಮಿತಿ ಮೊದಲು, ಆಮೇಲೆ ಸ್ಯಾಂಪಲ್.

ಫಲಿತಾಂಶದಲ್ಲಿ ಮೂರು ಸಂಖ್ಯೆ ಬೇರೆ ಬೇರೆ ಬರೆಯಿರಿ: ಒಟ್ಟು ಸ್ಯಾಂಪಲ್, ಅದರಲ್ಲಿ ವೆಜ್ ಆದವು, ಅದರಲ್ಲಿ ಜಾರಿದವು. ಸಂಭವನೀಯತೆಯನ್ನು ಒಟ್ಟು ಸ್ಯಾಂಪಲ್‌ನಿಂದ ಭಾಗಿಸಿದ್ದಾರಾ, ವೆಜ್ ಆದವುಗಳಿಂದಲಾ ಅಂತ ನೋಡಿ. ಅಂಗೈ ಅಗಲದ ವೆಜ್‌ಗಳು ಜಾಸ್ತಿ ಇದ್ದರೆ ಒಂದು ಕನಿಷ್ಠ ಗಾತ್ರ ಇಟ್ಟು ಸೋಸಿ, ಆ ಕನಿಷ್ಠವನ್ನೂ ದಾಖಲಿಸಿ.

## ಈ ಲಕ್ಷಣ ಕಂಡರೆ ನಿಲ್ಲಿಸಿ

ವೆಜ್ ವಿಪರೀತ ಹಿಂದಕ್ಕೆ ಚಾಚಿದೆ. ಮೇಲಿನ ನೆಲ ಮುಂದಕ್ಕೆ ಇಳಿಜಾರಾಗಿದ್ದು, ಅದರ ಇಳಿಕೆ ಕೂಡುಗೆರೆಯ ಇಳಿಕೆಗೆ ಹತ್ತಿರ ಬಂದಿದೆ. ಎರಡೂ ಸಮ ಆದರೆ ವೆಜ್ ಮುಚ್ಚುವುದೇ ಇಲ್ಲ. ಮೇಲಿನ ನೆಲದ ಡಿಪ್ ಸರಿ ಇದೆಯಾ ನೋಡಿ.

ವೆಜ್ ಕ್ರೆಸ್ಟ್ ಉದ್ದಕ್ಕೆ ತೆಳ್ಳಗೆ ನೂರಾರು ಮೀಟರ್ ಹೋಗಿದೆ. ಎರಡು ಜಾಯಿಂಟ್‌ಗಳ ಸ್ಟ್ರೈಕ್ ಹೆಚ್ಚುಕಮ್ಮಿ ಒಂದೇ. ಇದು ವೆಜ್ ಅಲ್ಲ, ಒಂದೇ ಜಾಯಿಂಟ್ ಮೇಲೆ ಜಾರುವ ಪ್ಲೇನ್ ಜಾರಿಕೆಯ ಲೆಕ್ಕ ಮಾಡಬೇಕು.

ಕೋನ 2 ಡಿಗ್ರಿ ಬದಲಿಸಿದರೆ ಘನಗಾತ್ರ ಹತ್ತು ಪಟ್ಟು ಬದಲಾಗುತ್ತದೆ. ಕೂಡುಗೆರೆ ಮುಖಕ್ಕೋ ಮೇಲಿನ ನೆಲಕ್ಕೋ ಬಹುತೇಕ ಸಮಾಂತರವಾಗಿದೆ. ಕಂಪಾಸ್ ಅಳತೆಯಲ್ಲೇ 2 ಡಿಗ್ರಿ ಹೆಚ್ಚುಕಮ್ಮಿ ಆಗುತ್ತದೆ, ಹಾಗಾಗಿ ಆ ಗಾತ್ರವನ್ನು ನಂಬಬೇಡಿ.

ವೆಜ್ ಆಗುವುದೇ ಇಲ್ಲ ಅನ್ನುತ್ತದೆ. ಮಿತಿಗೂ ಇದಕ್ಕೂ ಸಂಬಂಧ ಇಲ್ಲ. ಕೋನಗಳನ್ನು ಮತ್ತೆ ನೋಡಿ.

ಮಿತಿ ಬಿಗಿ ಮಾಡಿದಷ್ಟೂ ಎಫ್‌ಓಎಸ್ ಚೆನ್ನಾಗಿ ಬರುತ್ತಿದೆ, ಬೇಕಾದ ಸಂಖ್ಯೆ ಬಂದ ಕಡೆ ಕೈ ನಿಂತಿದೆ. ಇದು ಸಾಫ್ಟ್‌ವೇರ್ ದೋಷ ಅಲ್ಲ. ಹಂತ 2ಕ್ಕೆ ವಾಪಸ್ ಹೋಗಿ.

## ಹಂತ 11: ವರದಿಯಲ್ಲಿ ಏನು ಬರೆಯಬೇಕು

ಮಿತಿ ಇಲ್ಲದ ವೆಜ್‌ನ ಘನಗಾತ್ರ ಮತ್ತು ಎಫ್‌ಓಎಸ್, ಬಳಸಿದ ಮಿತಿಯ ಹೆಸರು ಮತ್ತು ಸಂಖ್ಯೆ, ಪ್ರೋಗ್ರಾಂ ಅದನ್ನು ಅಳೆಯುವ ರೀತಿ, ಆ ಸಂಖ್ಯೆ ಎಷ್ಟು ಟ್ರೇಸ್‌ಗಳಿಂದ ಬಂತು, ಅವುಗಳಲ್ಲಿ ಎಷ್ಟರ ಎರಡೂ ತುದಿ ಕಂಡಿದ್ದವು. ಜೊತೆಗೆ ಹಂತ 7ರ ಪಟ್ಟಿ. ಪ್ರೋಗ್ರಾಂನ ಆವೃತ್ತಿ ಸಂಖ್ಯೆಯನ್ನೂ ಬರೆಯಿರಿ.

ಮಿತಿ ಇಲ್ಲದ ಫೈಲ್ ಮತ್ತು ಮಿತಿ ಇರುವ ಫೈಲ್ ಎರಡನ್ನೂ ಬೇರೆ ಬೇರೆ ಹೆಸರಿನಲ್ಲಿ ಉಳಿಸಿ. ಅಗೆತ ಕೆಳಗಿಳಿದಂತೆ ಹೊಸ ಮುಖ ತೆರೆಯುತ್ತದೆ, ಮೊದಲು ಮಣ್ಣಿನಲ್ಲಿ ಮುಚ್ಚಿದ್ದ ಟ್ರೇಸ್ ತುದಿಗಳು ಕಾಣತೊಡಗುತ್ತವೆ. ಆಗ ಮತ್ತೆ ಅಳೆದು, ಮಿತಿಯ ಸಂಖ್ಯೆ ಬದಲಿಸಿ, ಹಂತ 6ರಿಂದ ಮತ್ತೆ ಮಾಡಿ.